ಯಾರೂ ಬಾರದ ಕಂತಿನ ತೀರ್ಪು

ಕಪ್ಪತಗುಡ್ಡದ ಮೇಲುದಿಬ್ಬ,
೨೩೧೭ನೆಯ ಇಸವಿ, ಮೊದಲ ಬೇಸಿಗೆಯ ನಲವತ್ತನೆಯ ದಿನ

ಲೀಲಾವತಿ ಅಣ್ಣಿಗೇರಿ ಅವರಿಗೆ ನೀಲವ್ವ ತೊರಗಲ್ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ಅವುಗಳ ನಡುವೆ ಒಂದೂವರೆ ತಿಂಗಳ ಮಳೆ, ಎರಡೂ ಮುಗಿದ ಮೇಲೆ ಎರಡು ತಿಂಗಳ ತಂಪುಗಾಲ. ಈ ಕಾಗದದ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬರೆದ ‘ಬುಳುಕಿಯ ಹೊಳೆ’ ಎಂಬ ಮಕ್ಕಳ ಚಿತ್ರಸರಣಿಯಿಂದ. ಹಾಗಾಗಿ ನೀರುನಾಯಿ, ಆಮೆ, ಕಪ್ಪೆಗಳು ಆಡುವ ಮಾತು ನನಗೆ ಚೆನ್ನಾಗಿ ಬರುತ್ತದೆ. ಆಗಿನ ಮನುಷ್ಯರು ಹೇಗೆ ಮಾತಾಡುತ್ತಿದ್ದರೋ ಅಷ್ಟಾಗಿ ತಿಳಿಯದು.

ಇಂಥ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ನೋಟಗಾರರು, ಅಂದರೆ ಕಥೆಗಳನ್ನು ಜನರಿಗೆ ತೋರಿಸುವ ಮೊದಲು ನೋಡುವವರು, ಕೆಲಸ ಬಿಡುವಾಗ, ತಾವು ತೀರ್ಪು ಕೊಟ್ಟ ಕಥೆಯನ್ನು ಮೊದಲು ಬರೆದವರಿಗೆ ಒಂದು ಹಿನ್ನೋಲೆ ಬರೆದು ಗ್ರಂಥಾಲಯಕ್ಕೆ ಒಪ್ಪಿಸಬೇಕು. ಅದು ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿದ್ದರೂ ಯಾರೂ ಬರೆಯದೆ ಬಿಟ್ಟಿಲ್ಲ. ನಾನು ಇಪ್ಪತ್ತಾರು ವರ್ಷ ನೋಟಗಾರ್ತಿಯಾಗಿದ್ದೆ. ಎರಡು ತಿಂಗಳ ಹಿಂದೆ ನನ್ನನ್ನು ಬಿಡಿಸಿದರು. ಅದಕ್ಕೆ ಕಾರಣವಾದದ್ದು ನಿಮ್ಮದೇ ಒಂದು ಕಂತು.

ಬಯಲಿನಲ್ಲಿ ಈಗ ಯಾರೂ ವಾಸವಿಲ್ಲ. ಹಗಲು ಹೊತ್ತು ಅಲ್ಲಿ ನಿಲ್ಲಲಾಗದು. ಎತ್ತರದ ಗುಡ್ಡಗಳ ಮೇಲೆ ಮಾತ್ರ ಜನ ಉಳಿದಿದ್ದಾರೆ. ಇಂಥ ಊರುಗಳಿಗೆ ದಿಬ್ಬ ಎಂದು ಹೆಸರು. ನಮ್ಮ ದಿಬ್ಬದಲ್ಲಿ ನೂರ ಎಂಬತ್ತು ಜನರಿದ್ದೇವೆ. ಗಾಳಿಗಂಬಗಳನ್ನು ನೋಡಿಕೊಳ್ಳುವುದು, ಗೋಡೆಗೆ ಅಂಟಿಸಿದ ಮಣ್ಣಿನ ಚೀಲಗಳಲ್ಲಿ ಸೊಪ್ಪು ಬೆಳೆಯುವುದು, ಗುಹೆಯ ನೀರನ್ನು ಅಳೆದು ಹಂಚುವುದು ಇಲ್ಲಿಯ ಕೆಲಸ. ಒಂದು ದಿಬ್ಬದಿಂದ ಇನ್ನೊಂದಕ್ಕೆ ತಂಪುಗಾಲದಲ್ಲಿ ಮಾತ್ರ ನೆರಳುಬಂಡಿ ಓಡುತ್ತದೆ. ಅದು ಬಿಸಿಲನ್ನೇ ಉಂಡು ನಡೆಯುವ, ದಪ್ಪ ಚಾವಣಿಯ ಬಂಡಿ. ಎತ್ತಿನಷ್ಟೇ ನಿಧಾನ. ನಾನು ಚಿಕ್ಕವಳಿದ್ದಾಗ ಇಲ್ಲಿ ಹನ್ನೆರಡು ಮಕ್ಕಳಿದ್ದೆವು. ವರ್ಷದಿಂದ ವರ್ಷಕ್ಕೆ ಹುಟ್ಟುವುದು ಕಡಿಮೆಯಾಗುತ್ತ ಬಂದು, ಹೋದ ವರ್ಷದ ಹೊತ್ತಿಗೆ ಒಬ್ಬಳೇ ಉಳಿದಿದ್ದಳು. ಅವಳು ಸಾವಂತ್ರಿ, ಒಂಬತ್ತು ವರ್ಷದವಳು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ತಂದೆ ಬಸಲಿಂಗ ಗಾಳಿಗಂಬದ ಕೆಲಸಗಾರ, ಬೆಳಗಾದರೆ ಕಂಬ ಹತ್ತುವವನು. ಬೇರೆ ದಿಬ್ಬಗಳದ್ದೂ ಇದೇ ಕಥೆ. ನಮ್ಮ ಸೀಮೆಯ ಹದಿನಾಲ್ಕು ದಿಬ್ಬಗಳಲ್ಲಿ ಹದಿನಾಲ್ಕು ಮಕ್ಕಳು, ಒಬ್ಬೊಬ್ಬರೇ.

ಆ ಹದಿನಾಲ್ಕು ಮಕ್ಕಳಿಗೋಸ್ಕರ ನಿಮ್ಮ ಸರಣಿಯನ್ನು ಹೊಸದಾಗಿ ಚಿತ್ರಿಸಲು ಸೀಮೆಯ ಕಥೆಗಳನ್ನು ನೋಡಿಕೊಳ್ಳುವ ಮಂಡಳಿಯವರು ಹೊರಟರು. ಪ್ರತಿ ಕಂತನ್ನೂ ತೋರಿಸುವ ಮೊದಲು ಪ್ರತಿ ದಿಬ್ಬದಲ್ಲಿ ಒಬ್ಬರು ದೊಡ್ಡವರೂ ಒಂದು ಮಗುವೂ ಕೂತು ನೋಡಬೇಕು. ಬಳಿಕ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ‘ಹೂಂ’ ಅಥವಾ ‘ಊಹೂಂ’ ಎಂದು ಬರೆಯಬೇಕು. ಇಬ್ಬರದೂ ಹೂಂ ಆದರೆ ಆ ದಿಬ್ಬದ ಒಪ್ಪಿಗೆ ಸಿಕ್ಕಂತೆ. ಎಂಟು ಕಂತುಗಳಿಗೆ ನಾವಿಬ್ಬರೂ ಹೂಂ ಬರೆದಿದ್ದೆವು. ಒಂಬತ್ತನೆಯದು ‘ಯಾರೂ ಬಾರದ ದಿನ’.

ನಿಮ್ಮ ಹಳೆಯ ಕಂತು ನನಗೆ ಬಾಯಿಪಾಠವಾಗಿದೆ. ನೀರುನಾಯಿ ಬುಳುಕಿ ಎಲ್ಲರನ್ನೂ ಕಣ್ಣಾಮುಚ್ಚಾಲೆಗೆ ಕರೆದಿರುತ್ತಾಳೆ. ಹೊಳೆ ಏರುತ್ತದೆ, ಯಾರೂ ಬರಲಾಗುವುದಿಲ್ಲ. ಅವಳೇ ಎಣಿಸಿ ಅವಳೇ ಅಡಗುತ್ತಾಳೆ, ಅವಳೇ ಹೊರಗೆ ಬಂದು ಬಂಡೆಯ ಮೇಲಿಂದ ಜಾರುತ್ತಾಳೆ. ಸಂಜೆ ಬಿಲಕ್ಕೆ ಹೋಗಿ ಬಾಲವನ್ನು ಮೂಗಿನ ಮೇಲೆಳೆದುಕೊಂಡು ಮಲಗುತ್ತಾಳೆ. ಹನ್ನೊಂದು ನಿಮಿಷದಲ್ಲಿ ನಾಲ್ಕೇ ಮಾತು. ಹೊಸದರಲ್ಲಿ ಬುಳುಕಿಯ ಮೈಕೂದಲು ಒಂದೊಂದೂ ಒದ್ದೆಯಾಗಿ ಹೊಳೆಯುತ್ತಿತ್ತು. ನೀರಂತೂ ಕೈಯೊಡ್ಡಬೇಕೆನಿಸುವಷ್ಟು ನಿಜವಾಗಿತ್ತು. ಆದರೆ ಕೊನೆಯ ಒಂದು ನಿಮಿಷದಲ್ಲಿ ಆಮೆ, ಕಪ್ಪೆ, ಮಿಂಚುಳ್ಳಿ ಮುಂತಾಗಿ ಹತ್ತೊಂಬತ್ತು ಪ್ರಾಣಿಗಳು ದೀಪ ಹಿಡಿದು ಹಾಡುತ್ತ ಬಂದುಬಿಟ್ಟವು. ನನಗೆ ಮೈಯೆಲ್ಲ ಉರಿಯಿತು. ಇಡೀ ದಿನ ಯಾರೂ ಬಾರದಿದ್ದರೂ ಏನೂ ಆಗುವುದಿಲ್ಲ, ನಾಳೆ ಮತ್ತೆ ಬೆಳಗಾಗುತ್ತದೆ ಎಂದು ನನಗೆ ಹೇಳಿದ್ದು ನಿಮ್ಮ ಕಂತೊಂದೇ. ಅದನ್ನು ಇವರು ಸಕ್ಕರೆಯಲ್ಲಿ ಅದ್ದಿ ತೆಗೆದಿದ್ದರು. ಪರದೆ ಆರುವ ಮೊದಲೇ ಚೀಟಿಯಲ್ಲಿ ಊಹೂಂ ಎಂದು ಬರೆದೆ. ಸಾವಂತ್ರಿಯ ಚೀಟಿಯನ್ನು ನಾನು ನೋಡುವಂತಿಲ್ಲ. ಆದರೆ ಅವಳು ಬಚ್ಚಿಡಲಿಲ್ಲ. ಹೂಂ ಎಂದಿತ್ತು.

ಅವಳಿಗೆ ತಿಳಿಸಿ ಹೇಳಲು ಹೊರಟೆ. ಹಳೆಯ ಕಂತನ್ನು ಹಾಕಿ ತೋರಿಸಿ, ಸತ್ಯ ಯಾವುದರಲ್ಲಿದೆ ನೋಡು ಎಂದೆ. ಅವಳು ಪೂರ್ತಿ ನೋಡಿದಳು. ಆಮೇಲೆ, ನಾನು ಇದನ್ನು ಮೊದಲು ನೋಡಿದ್ದು ಎಲ್ಲಿ ಎಂದು ಕೇಳಿದಳು. ಇದೇ ಕೋಣೆಯಲ್ಲಿ ಎಂದೆ.

“ಆವಾಗ ನಿನ್ನ ಮಗ್ಗಲಕ ಎಷ್ಟು ಮಂದಿ ಕೂತಿದ್ರು, ಆಯಿ?”

ಹನ್ನೊಂದು ಮಂದಿ ಎಂದೆ. ಜಾಗ ಸಾಲದೆ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದೆವು, ನನ್ನ ಜಡೆಯನ್ನು ಯಾರೋ ಜಗ್ಗುತ್ತಲೇ ಇದ್ದರು ಎಂದು ನಗುತ್ತ ಹೇಳಿದೆ. ಅವಳು ನಗಲಿಲ್ಲ.

“ನನಗ ಇದನ್ನ ತೋರಿಸೂದು ಬ್ಯಾಡ ಆಯಿ. ಇದು ನನಗ ಗೊತ್ತೈತಿ.”

ಇಪ್ಪತ್ತಾರು ವರ್ಷಗಳಲ್ಲಿ ನನ್ನ ತೀರ್ಪನ್ನು ಯಾರೂ ಹೀಗೆ ತಿರುಗಿಸಿ ನನ್ನ ಕೈಗೇ ಕೊಟ್ಟಿರಲಿಲ್ಲ. ಆಮೇಲೆ ಅವಳೇ, ಹೊಸದರಲ್ಲೂ ತಪ್ಪಿದೆ, ಅಷ್ಟು ಮಂದಿ ಒಮ್ಮೆಲೇ ಬರುತ್ತಾರೇನು, ಒಬ್ಬರು ಬಂದಿದ್ದರೆ ಸಾಕಿತ್ತು ಎಂದಳು. ನಾನು ಊಹೂಂ ಹೊಡೆದುಹಾಕಿ ಹೂಂ ಬರೆದೆ. ಕೆಳಗೆ ಅವಳ ಮಾತನ್ನೂ ಸೇರಿಸಿದೆ. ಚಿತ್ರಿಸಿದ ಕಂತನ್ನು ತಿದ್ದುವ ಪದ್ಧತಿಯಿಲ್ಲ ಎಂದು ಮಂಡಳಿ ಉತ್ತರಿಸಿತು. ಅರ್ಧಕ್ಕಿಂತ ಹೆಚ್ಚು ದಿಬ್ಬಗಳು ಒಪ್ಪಿದರೆ ಸಾಕು; ಒಂಬತ್ತರ ಒಪ್ಪಿಗೆ ಬಂದು, ತಂಪುಗಾಲದ ಮೊದಲ ದಿನ ಆ ಕಂತು ಹಾಡು, ದೀಪಗಳ ಸಮೇತ ಎಲ್ಲ ಕಡೆ ತೋರಿಸಲ್ಪಟ್ಟಿತು.

ಹತ್ತು ದಿನಗಳ ನಂತರ ಮಕ್ಕಳ ಅಭಿಪ್ರಾಯಗಳ ಪಟ್ಟಿ ಬಂತು. ಅದರಲ್ಲಿ ಹೆಸರುಗಳಿರುವುದಿಲ್ಲ, ದಿಬ್ಬಗಳ ಹೆಸರು ಮಾತ್ರ. ಹೆಚ್ಚಿನವರು ಚೆನ್ನಾಗಿದೆ ಎಂದಷ್ಟೇ ಬರೆದಿದ್ದರು. ಸೊಂಡೂರು ದಿಬ್ಬದ ಸಾಲಿನಲ್ಲಿ, ‘ಬಂದವರ ಹೆಸರು ಹೇಳಬೇಕಾಗಿತ್ತು’ ಎಂದಿತ್ತು. ಸಾವಂತ್ರಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಇದನ್ನು ಬರೆದವಳು ಹುಡುಗಿಯೇ ಎಂದು ಹಟ ಹಿಡಿದಳು. ಮರುದಿನ, ಅದರ ಮರುದಿನವೂ ಬಂದು ಪಟ್ಟಿ ಕೇಳಿದಳು. ನಾಲ್ಕನೆಯ ದಿನ, ಅವಳನ್ನು ಸೊಂಡೂರಿಗೆ ಕರೆದೊಯ್ಯೋಣವೇ ಎಂದು ಕೇಳಲು ನಾನು ಬಸಲಿಂಗನ ಹತ್ತಿರ ಹೋದೆ.

ತೀರ್ಪು ಕೊಡುವ ಮಕ್ಕಳನ್ನು ಭೇಟಿ ಮಾಡಿಸಬಾರದು, ಅಭಿಪ್ರಾಯ ಬೆರೆತುಹೋಗುತ್ತದೆ ಎಂಬ ನಿಯಮ ನಮ್ಮಲ್ಲಿ ಕಟ್ಟುನಿಟ್ಟು. ಅದನ್ನು ಬಸಲಿಂಗನಿಗೆ ಮುಚ್ಚಿಡಲಿಲ್ಲ. ಅವನು ಮಾತು ಕಡಿಮೆಯ ಮನುಷ್ಯ. ಕೈಗೆ ಹತ್ತಿದ ಗ್ರೀಸನ್ನು ಒರೆಸುತ್ತ, ನಿಮ್ಮ ಕೆಲಸ ಹೋಗುತ್ತದಲ್ಲ ಎಂದ. ಹೋಗುತ್ತದೆ ಎಂದೆ. ಮೂರನೆಯ ದಿನ ನಾವು ಮೂವರೂ ನೆರಳುಬಂಡಿ ಏರಿದೆವು.

ನಾಲ್ಕು ದಿನದ ಹಾದಿ. ಎರಡನೆಯ ದಿನ ತುಂಗಭದ್ರೆ ಸಿಕ್ಕಿತು. ನೀರುನಾಯಿಗಳಿವೆಯೇ ಎಂದು ಸಾವಂತ್ರಿ ದಂಡೆಯ ಮೇಲೆ ಮಧ್ಯಾಹ್ನವಿಡೀ ಕಾದಳು. ಒಂದೂ ಕಾಣಲಿಲ್ಲ. ಬಂಡೆಗಳ ನಡುವೆ ಸಣ್ಣಗೆ ಹರಿಯುವ ನೀರು, ಕೆಸರಿನಲ್ಲಿ ಯಾವುದೋ ಹಕ್ಕಿಯ ಹೆಜ್ಜೆ, ಅಷ್ಟೇ.

ಸೊಂಡೂರಿನಲ್ಲಿ ಆ ಸಾಲು ಬರೆದವಳು ನಿಜವಾಗಿಯೂ ಹುಡುಗಿಯೇ, ಹೆಸರು ಹಂಪಮ್ಮ. ಹತ್ತು ವರ್ಷವಾದರೂ ಇನ್ನೊಂದು ಮಗುವನ್ನು ಕಂಡವಳಲ್ಲ. ನಮ್ಮನ್ನು ನೋಡಿದವಳೇ ಓಡಿಹೋಗಿ ನೀರಿನ ತೊಟ್ಟಿಯ ಹಿಂದೆ ಸೇರಿಕೊಂಡಳು. ಅವಳ ತಾಯಿ ಗದರಿದಳು, ರಮಿಸಿದಳು, ಕೊನೆಗೆ ಅಳತೊಡಗಿದಳು. ಸಾವಂತ್ರಿ ತೊಟ್ಟಿಯ ಈಚೆ ಬದಿಗೆ ಬೆನ್ನು ಕೊಟ್ಟು ಕೂತಳು. ಕರೆಯಲಿಲ್ಲ, ಇಣುಕಲಿಲ್ಲ. ನಾವು ದೊಡ್ಡವರು ದೂರ ಸರಿದು ಅಂಬಲಿ ಕುಡಿದೆವು. ಎರಡು ತಾಸು ಕಳೆದಿರಬೇಕು. ತೊಟ್ಟಿಯ ಹಿಂದಿನಿಂದ ದನಿ ಬಂತು.

“ಒಂಬತ್ತನೇದಕ್ಕ ಏನಂತ ಬರದಿ?”

“ಹೂಂ ಅಂತ. ನೀ?”

“ನಾನೂ ಹೂಂ ಅಂದೆ. ನಿನ್ನ ಹೆಸರೇನು?”

ಸಾವಂತ್ರಿ ಹೆಸರು ಹೇಳಿದಳು. ಮಗಳು ಇನ್ನೊಂದು ಮಗುವಿಗೆ ತನ್ನ ಹೆಸರು ಹೇಳುವುದನ್ನು ಬಸಲಿಂಗ ಅಂದೇ ಮೊದಲು ಕೇಳಿದ್ದು.

ನಾವು ಹೋದದ್ದು ಆರು ದಿನದ ಮಟ್ಟಿಗೆ. ಐದನೆಯ ದಿನಕ್ಕೆ ಆ ಹುಡುಗಿಯರು ಆಟದಲ್ಲಿ ಮೋಸ ಮಾಡಿದೆ ಎಂದು ಜಗಳವಾಡಿ, ಮಾತು ಬಿಟ್ಟು, ಸಂಜೆಯ ಹೊತ್ತಿಗೆ ಮತ್ತೆ ಒಂದಾಗಿದ್ದರು. ಸೊಂಡೂರಿನಲ್ಲೂ ಗಾಳಿಗಂಬಗಳಿವೆ, ಕೆಲಸಗಾರರು ಸಾಲುತ್ತಿಲ್ಲ. ಆರನೆಯ ದಿನ ಬೆಳಗ್ಗೆ ಬಸಲಿಂಗ ನನ್ನ ಮುಂದೆ ಬಂದು ನಿಂತ. ನಾನೇ, ಇಲ್ಲೇ ಉಳಿದುಕೋ ಎಂದೆ. ಸಾವಂತ್ರಿ ನನ್ನನ್ನೂ ಉಳಿಯಲು ಕರೆದಳು. ಆದರೆ ದಿಬ್ಬದವರು ಸೇರಿಸಿಕೊಳ್ಳುವುದು ದುಡಿಯುವ ಕೈಗಳನ್ನು. ಅರವತ್ತಮೂರರ ನನಗೆ ಬರುವುದು ನೋಡಿ ತೀರ್ಪು ಹೇಳುವುದೊಂದೇ. ಅದು ಅವಳಿಗೆ ತಿಳಿಯಲಿಲ್ಲ. ನನ್ನ ಮೇಲೆ ಮುನಿಸಿಕೊಂಡು, ಬಂಡಿ ಹೊರಡುವಾಗ ಹೊರಗೆ ಬರಲಿಲ್ಲ.

ಮೇಲುದಿಬ್ಬಕ್ಕೆ ಹಿಂತಿರುಗಿದ ಕೆಲವು ದಿನಗಳಲ್ಲಿ ಮಂಡಳಿಯ ಕಾಗದ ಬಂತು. ನಿಯಮ ಮೀರಿದ್ದಕ್ಕೆ ಬಿಡಿಸಲಾಗಿದೆ, ಅಲ್ಲದೆ ಈ ದಿಬ್ಬದಲ್ಲಿ ಮಕ್ಕಳೇ ಇಲ್ಲದ್ದರಿಂದ ಇನ್ನು ಮುಂದೆ ಕಂತುಗಳನ್ನು ಇಲ್ಲಿಗೆ ಕಳಿಸುವುದಿಲ್ಲ ಎಂದಿತ್ತು. ಜನ ನನ್ನೊಂದಿಗೆ ಒರಟಾಗಿ ನಡೆದುಕೊಂಡಿಲ್ಲ. ಇದ್ದ ಒಂದು ಮಗುವನ್ನೂ ಕಳಿಸಿಬಿಟ್ಟೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ನೀರಿನ ಸಾಲಿನಲ್ಲಿ ನಿಂತಾಗ ಮೊದಲಿನಂತೆ ಮಾತು ಬೆಳೆಯುವುದಿಲ್ಲ, ಅಷ್ಟೇ. ಬೆಳಗ್ಗೆ ಸೊಪ್ಪು ಕೊಯ್ಯುತ್ತೇನೆ. ಆಮೇಲಿನ ಹೊತ್ತು ಬಹಳ ಉದ್ದ.

ಹೋದ ವಾರ ನೋಟದ ಕೋಣೆಯಲ್ಲಿ ಒಬ್ಬಳೇ ಕೂತು ನಿಮ್ಮ ಹಳೆಯ ಕಂತನ್ನು ಹಾಕಿದೆ. ಬುಳುಕಿ ಎರಡನೆಯ ಸಲ ಹತ್ತರವರೆಗೆ ಎಣಿಸುವಲ್ಲಿಗೆ ನನ್ನಿಂದ ಮುಂದೆ ನೋಡಲಾಗಲಿಲ್ಲ, ನಿಲ್ಲಿಸಿದೆ. ‘ಇದು ನನಗ ಗೊತ್ತೈತಿ’ ಎಂದು ಸಾವಂತ್ರಿ ಹೇಳಿದ್ದು ನನಗೆ ಅರ್ಥವಾಗಲು ಇಷ್ಟು ದಿನ ಬೇಕಾಯಿತು.

ಇಷ್ಟಾದರೂ ನಿಮ್ಮಲ್ಲಿ ಒಂದು ಕೋರಿಕೆಯಿದೆ. ಈ ಕಂತನ್ನು ಬರೆಯಲು ಕೂತ ದಿನ, ಕೊನೆಗೆ ಯಾರನ್ನಾದರೂ ತಂದುಬಿಡಲೇ ಎಂಬ ಯೋಚನೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ತರಬೇಡಿ. ನಿಮ್ಮ ಕಾಲದ ಮಗುವಿನ ಮಗ್ಗುಲಲ್ಲಿ ಇನ್ನೊಂದು ಮಗು ಕೂತಿರುತ್ತದೆ, ಅದು ತಡೆದುಕೊಳ್ಳುತ್ತದೆ. ಬುಳುಕಿಯನ್ನು ಒಬ್ಬಳೇ ಮಲಗಲು ಬಿಡಿ. ಯಾರನ್ನಾದರೂ ಕರೆತರುವ ಕೆಲಸ ನಮಗಿರಲಿ.

ಇಂತಿ ನಿಮ್ಮ,
ನೀಲವ್ವ ತೊರಗಲ್