ಒಳಗಿನ ಕಳಸೆ, ಹೊರಗಿನ ಕಳಸೆ

ಭಾವಾ,

ನೀನು ಬದುಕಿದ್ದಷ್ಟು ಕಾಲ ನಿನ್ನನ್ನು ‘ನೀವು’ ಎಂದೆ, ಹೆಂಡತಿಯ ಅಣ್ಣನಲ್ಲವೇ ಎಂದು. ನೀನು ಹೋಗಿ ವರ್ಷವಾಗುತ್ತ ಬಂತು. ನನ್ನ ಸರಸು ನಿನಗಿಂತ ಮೊದಲೇ ಹೋದಳು. ಇನ್ನು ಆ ಮರ್ಯಾದೆ ನನ್ನಿಂದಾಗದು. ಸಿಟ್ಟು ಬಂದರೆ ಬರಲಿ, ಅಲ್ಲಿ ಕೂತು ನೀನು ಎಂತ ಮಾಡುತ್ತೀ?

ಮದುವೆಯಾದ ಹೊಸತರಲ್ಲಿ ಪುತ್ತಿಗೆಯ ನಿನ್ನ ಅಂಗಳದಲ್ಲಿ ಗೇಣಿ ಅಕ್ಕಿ ಅಳೆಯುವುದನ್ನು ನೋಡಿದೆ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಇದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ನಿನ್ನ ಮನೆಯಲ್ಲಿ ಕಳಸೆ ಎರಡಿದ್ದವು. ಕೊಡುವುದಕ್ಕೆ ಜಗಲಿಯಲ್ಲಿದ್ದ ಹೊರಗಿನದು. ತೆಗೆದುಕೊಳ್ಳುವುದಕ್ಕೆ ಕೋಣೆಯಿಂದ ಬರುವ ಒಳಗಿನದು, ಹಲಸಿನ ಮರದ್ದು, ಬಾಯಿಗೆ ಹಿತ್ತಾಳೆ ಪಟ್ಟಿ. ಅದಕ್ಕೆ ಹದಿನಾರು ಸೇರಾದರೂ ಹಿಡಿಯುತ್ತಿತ್ತು.

“ಇದು ಸ್ವಲ್ಪ ಎತ್ತರ ಉಂಟಲ್ಲ ಭಾವಾ?” ಎಂದೆ. “ಎಂತ ಭಾವಾ, ಕಾಲೇಜಿನಲ್ಲಿ ಕಳಸೆಯ ಪಾಠವೂ ಉಂಟಾ?” ಎಂದು ನೀನು ನಕ್ಕೆ. ಒಕ್ಕಲಿನವರೂ ನಕ್ಕರು, ನಗದೆ ಎಲ್ಲಿಗೆ ಹೋಗುತ್ತಾರೆ? ಎಲ್ಲರ ಹಾಗೆ ನೀನೂ ಮೊದಲ ಅಳತೆಗೆ ಒಂದು ಎನ್ನದೆ ‘ಲಾಭ’ ಎಂದೆ. ಆಗ ನಿನ್ನ ಒಕ್ಕಲು ಐತಪ್ಪ ತಲೆಯ ಹೊರೆ ಇಳಿಸುತ್ತ ಹೇಳಿದ: “ಲಾಭ ಅಂತ ಹೇಳುವುದು ಮೊದಲನೆಯದಕ್ಕೆ ಮಾತ್ರ ದಣಿಗಳೇ, ನೀವು ಪ್ರತಿಯೊಂದಕ್ಕೂ ತೆಗೆದುಕೊಳ್ಳುತ್ತೀರಿ.” ನೀನು ಅದಕ್ಕೂ ನಕ್ಕೆ!

ಮಂಗಳೂರಿನ ಕಾಲೇಜು ನೆನಪಾಗುತ್ತದೆ. ನಾನು ಇಂಟರ್‌ಮೀಡಿಯೆಟ್ ಮುಗಿಸಲಿಲ್ಲ, ಅದು ಬೇರೆ ಕತೆ. ಫಿಸಿಕ್ಸ್ ಮೇಷ್ಟ್ರು ನಶ್ಯ ಏರಿಸಿಕೊಂಡು ಹೇಳುತ್ತಿದ್ದರು, ಯೂನಿಟ್ ಎಂದರೆ ಕಾನ್‌ಸ್ಟೆಂಟ್ ಆಗಿರಬೇಕು, ಕನ್ವೀನಿಯೆಂಟ್ ಆಗಿರಬೇಕು, ಮತ್ತೆ... ಮೂರನೆಯದು ಮರೆತೇ ಹೋಗಿದೆ. ನಿನಗೆ ಮೂರರಲ್ಲಿ ಒಂದೇ ಗೊತ್ತಿತ್ತು. ಕನ್ವೀನಿಯೆಂಟ್!

ಯುದ್ಧದ ಕಾಲ, ಅಕ್ಕಿಗೆ ಬರ. ಆಟಿ ತಿಂಗಳ ಮಳೆಯಲ್ಲಿ ಮನೆಯವರೆಲ್ಲ ಹಸಿದು ಕೂತಾಗ ಐತಪ್ಪ ನಿನ್ನಿಂದ ಒಂದು ಮುಡಿ ಅಕ್ಕಿ ಸಾಲ ತಂದ. ನೀನು ಹೊರಗಿನ ಕಳಸೆಯಲ್ಲಿ ಅಳೆದು ಕೊಟ್ಟೆ. ಕೊಯ್ಲಾದ ಮೇಲೆ ಅವನು ಮುಡಿ ಹೊತ್ತು ತಂದರೆ ಒಳಗಿನದರಲ್ಲಿ ಅಳೆದು, ಕಡಿಮೆ ಬಿತ್ತು, ಗದ್ದೆ ಬಿಡು ಎಂದೆ. ಅವನು ಪೈವಳಿಕೆಗೆ ನಮ್ಮಲ್ಲಿಗೆ ಬಂದು ಅತ್ತ. ಸರಸು ಸೀರೆಯನ್ನೂ ಬದಲಿಸದೆ ತವರಿಗೆ ಹೊರಟಳು. ಹಿಂದಿನಿಂದ ನಾನು.

“ಅಣ್ಣಾ, ಕೊಟ್ಟದ್ದರಲ್ಲೇ ಅಳೆದು ತೆಗೆದುಕೋ. ನಾನು ಕೇಳುವುದು ಅಷ್ಟೇ.”

“ಅದು ಅಜ್ಜನ ಕಾಲದ ಕಳಸೆ.”

“ಹಾಗಾದರೆ ಅಜ್ಜನೂ ಕದಿಯುತ್ತಿದ್ದರು ಅಂತ ಊರಿಗೆ ಹೇಳಬೇಕಾ?”

“ಮದುವೆ ಮಾಡಿ ಕಳಿಸಿಯಾಗಿದೆ. ಈ ಅಂಗಳದ ಸುದ್ದಿ ನಿನಗೆ ಬೇಡ.”

ನಿನ್ನ ಹೆಂಡತಿ ಲಕ್ಷ್ಮಿಯಕ್ಕ ಬೆಲ್ಲ, ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹೊಸ್ತಿಲು ದಾಟುವ ಧೈರ್ಯವಿರಲಿಲ್ಲ ಅವಳಿಗೆ. ಸರಸು ನೀರು ಮುಟ್ಟದೆ ತಿರುಗಿದಳು. ಮತ್ತೆ ತವರಿಗೆ ಕಾಲಿಡಲಿಲ್ಲ, ಅಲ್ಲಿಯ ಒಂದು ಅಗುಳು ಉಣ್ಣಲಿಲ್ಲ. ಅವಳು ಬಿಟ್ಟಳೆಂದು ನಾನೂ ಬಿಟ್ಟೆ. ಐತಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೋದ. ಅವನ ಗದ್ದೆ ಎರಡು ಬೆಳೆ ಬಿತ್ತನೆಯಿಲ್ಲದೆ ಹಡಿಲು ಬಿತ್ತು. ನಿನಗೆ ಸಿಕ್ಕಿದ್ದೇನು, ಹೇಳು?

ಸರಸು ಹಾಸಿಗೆ ಹಿಡಿದಾಗ ನಿನಗೆ ಹೇಳಿ ಕಳಿಸಿದೆ. ನೀನು ಬರಲಿಲ್ಲ, ಆಳಿನ ತಲೆಯ ಮೇಲೆ ಒಂದು ಮುಡಿ ಅಕ್ಕಿ ಬಂತು. ಅವಳು ಮಲಗಿದಲ್ಲಿಂದಲೇ ಕೇಳಿದಳು: “ಯಾವುದರಲ್ಲಿ ಅಳೆದದ್ದು?”

“ಹೊರಗಿನದರಲ್ಲಿ ಅಮ್ಮ” ಎಂದು ಅವನು, ಪಾಪ, ಸಮಾಧಾನ ಮಾಡುವವನ ಹಾಗೆ ಹೇಳಿದ.

“ಹಾಗಾದರೆ ಒಳಗಿನದು ಇನ್ನೂ ಉಂಟು. ಹಿಂದೆ ತೆಗೆದುಕೊಂಡು ಹೋಗು.”

ಆ ಮುಡಿ ಹಿಂದೆ ಬಂದಿತೆಂದು ನಿನಗೆ ಅವಮಾನವಾಯಿತಂತೆ. ಅವಮಾನ! ಪುತ್ತಿಗೆಯಿಂದ ಪೈವಳಿಕೆ ಏನು ಸಮುದ್ರದಾಚೆಯೇ? ನಾಯಿ ಬೊಗಳಿದಾಗಲೆಲ್ಲ “ಅಣ್ಣನಾ ನೋಡಿ” ಎನ್ನುತ್ತಿದ್ದಳು. ನಾನು ಎದ್ದು ಹೋಗಿ ನೋಡಿ ಬರುತ್ತಿದ್ದೆ. ಇದನ್ನು ನಿನ್ನ ಮುಖಕ್ಕೆ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನೀನು...

ಇರಲಿ. ಈಗ ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಮೊನ್ನೆ ನಿನ್ನ ಮಗ ರಾಘವ ಬಂದ. “ಅಪ್ಪ ಇಲ್ಲದ ಮೊದಲ ಅಳತೆ, ಹಿರಿಯರು ಒಬ್ಬರು ಬೇಕು ಮಾವ” ಎಂದ. ಆ ಒಳಗಿನ ಕಳಸೆ ಹೊರಗೆ ಬಂದರೆ ಒಕ್ಕಲಿನವರೆಲ್ಲರ ಎದುರು ಕೂಗಾಡಿಯೇ ಬರುವುದು ಎಂದು ನಿಶ್ಚಯಿಸಿ ಹೊರಟೆ. ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ, ಒಂದೆರಡು ಇಂಗ್ಲಿಷಿನಲ್ಲೂ.

ಅಕ್ಕಿ ಚಾಪೆಗೆ ಬಿತ್ತು. ರಾಘವ ಒಳಗೆ ಹೋದವನು ಬರಿಗೈಯಲ್ಲಿ ಬಂದ. ಅವನ ಹಿಂದೆ ಲಕ್ಷ್ಮಿಯಕ್ಕ, ಈ ಸಲ ಹೊಸ್ತಿಲು ದಾಟಿ.

“ಹುಡುಕುವುದು ಬೇಡ ಮಗ. ಬೆಳಿಗ್ಗೆ ಭತ್ತ ಬೇಯಿಸುವ ಒಲೆಗೆ ಹಾಕಿ ಆಯಿತು.”

“ಅಮ್ಮಾ! ಅಪ್ಪ ಇದ್ದಿದ್ದರೆ—”

“ಅಪ್ಪ ಇದ್ದಾಗ ನಾನು ಮಾತಾಡಿದ್ದುಂಟಾ? ಈಗ ಇಲ್ಲವಲ್ಲ. ಜಗಲಿಯದ್ದು ತಾ, ಅದರಲ್ಲೇ ಅಳೆ.”

ರಾಘವ ನನ್ನ ಕಡೆ ನೋಡಿದ. “ಅಮ್ಮ ಹೇಳಿದ್ದು ಕೇಳಿತಲ್ಲ ಮಾರಾಯ?” ಎಂದೆ. ಜೋಡಿಸಿ ತಂದ ಮಾತೆಲ್ಲ ಹಾಗೇ ಉಳಿಯಿತು, ಅದಕ್ಕೇ ಈ ಕಾಗದ.

ಅಂದು ಹೊಸ ಅಕ್ಕಿ ಊಟ. “ಉಂಡು ಹೋಗಿ” ಎಂದಳು ಲಕ್ಷ್ಮಿಯಕ್ಕ. ಕೂತೆ. ಹೋದ ಹಿರಿಯರಿಗೆ ಬಡಿಸುವಾಗ ಸರಸುವಿನ ಹೆಸರಿಗೂ ಒಂದು ಎಲೆ ಹಾಕಿದಳು. ಇನ್ನೊಂದು ಎಲೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ಅದು ನಿನ್ನದು.

“ಮುಂದಿನ ವರ್ಷ ನೋಡುವ” ಎಂದೆ.