ಮುಂದಿನ ಮಾಡೆಲ್ ಬರುವವರೆಗೆ

ಜನ್ನಾಪುರ, ಭದ್ರಾವತಿ
೧೮ ನವೆಂಬರ್ ೨೦೦೭, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟದ ನೋವು ಈಗ ಹೇಗಿದೆ? ದಿನಕ್ಕೆ ಹನ್ನೆರಡು ಗಂಟೆ ವಾರ್ಡಿನಲ್ಲಿ ನಿಂತೇ ಇದ್ದರೆ ಯಾವ ಎಣ್ಣೆ ಹಚ್ಚಿದರೇನು? ಮಸ್ಕತ್ತಿನಲ್ಲಿ ಈಗ ಬಿಸಿಲು ಇಳಿದಿದೆ ಎಂದು ಭಾವ ಫೋನಿನಲ್ಲಿ ಹೇಳಿದರು. ಇಲ್ಲಿ ಬೆಳಿಗ್ಗೆ ಚಳಿ ಶುರುವಾಗಿದೆ. ನಿನ್ನ ನಾದಿನಿ ಧನಲಕ್ಷ್ಮಿ ಚೆನ್ನಾಗಿದ್ದಾಳೆ, ದೀಪಾವಳಿಗೆ ನೀನು ಕಳಿಸಿದ ಸೀರೆಯನ್ನು ಇನ್ನೂ ಉಟ್ಟಿಲ್ಲ, ನೀನು ಬಂದಾಗಲೇ ಉಡುತ್ತಾಳಂತೆ. ನನ್ನ ಸಕ್ಕರೆ ಕಾಯಿಲೆಯ ವಿಷಯ ಮುಂದೆ ಬರೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನ್ ಮಾಡುವಾಗಲೆಲ್ಲ ಧನಲಕ್ಷ್ಮಿ ಪಕ್ಕದಲ್ಲೇ ಇರುತ್ತಾಳೆ. ಈಗ ಅವಳು ಸಂತೆಗೆ ಹೋಗಿದ್ದಾಳೆ. ಸಾಲುಗಳು ಸೊಟ್ಟಗಿದ್ದರೆ ಬೈಯಬೇಡ.

ಮೊದಲು ಕ್ಯಾಮೆರಾದ ಮಾತು. ಜನವರಿ ರಜೆಗೆ ಬರುವಾಗ ಅಲ್ಲಿಂದ ಒಂದು ಡಿಜಿಟಲ್ ಎಸ್‌ಎಲ್‌ಆರ್ ತರುತ್ತೇನೆಂದು ನೀನು ಹೇಳಿದ್ದೆಯಲ್ಲ, ಅದನ್ನು ಈಗಲೇ ಕೊಳ್ಳಬೇಡ. ಈಗ ಅಂಗಡಿಗಳಲ್ಲಿರುವುದು ನನಗೆ ಉಪಯೋಗವಿಲ್ಲ. ಶಿವಮೊಗ್ಗದಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿರುವ ಮಲ್ಲಿಕ್ ದಿನಾ ಇಂಟರ್‌ನೆಟ್ಟಿನಲ್ಲಿ ಇದನ್ನೇ ಓದುತ್ತಾ ಕೂತಿರುತ್ತಾನೆ. ಅವನ ಪ್ರಕಾರ ಹೊಸ ವರ್ಷಕ್ಕೆ ಮುಂದಿನ ಎಂಟ್ರಿ ಲೆವೆಲ್, ಅಂದರೆ ಅಗ್ಗದ, ಮಾಡೆಲ್ ಬರಬೇಕು. ಹನ್ನೆರಡು ಮೆಗಾಪಿಕ್ಸೆಲ್ ಎಂದು ಒಬ್ಬರು ಬರೆಯುತ್ತಾರೆ, ಇಲ್ಲ ಹತ್ತೇ ಎಂದು ಇನ್ನೊಬ್ಬರು. ನನಗೆ ಅದರಿಂದೇನೂ ಆಗಬೇಕಿಲ್ಲ. ನನಗೆ ಬೇಕಾದದ್ದು ಒಂದೇ. ಈಗಿನ ಅಗ್ಗದ ಎಸ್‌ಎಲ್‌ಆರ್‌ಗಳಲ್ಲಿ ಹಿಂದಿನ ಸ್ಕ್ರೀನಿನ ಮೇಲೆ ಚಿತ್ರ ಕಾಣುವುದು ಫೋಟೊ ತೆಗೆದಾದ ಮೇಲೆ. ತೆಗೆಯುವ ಮುಂಚೆ ಮೇಲಿನ ಸಣ್ಣ ಕಿಂಡಿಗೆ ಕಣ್ಣಿಟ್ಟೇ ನೋಡಬೇಕು. ಹೊಸದರಲ್ಲಿ ತೆಗೆಯುವ ಮುಂಚೆಯೇ ದೊಡ್ಡ ಸ್ಕ್ರೀನಿನಲ್ಲಿ ಕಾಣುತ್ತದೆ, ಬೇಕಾದರೆ ಹಿಗ್ಗಿಸಿಯೂ ನೋಡಬಹುದು ಎಂಬ ಗಾಳಿಮಾತಿದೆ. "ಗ್ಯಾರಂಟಿ ಏನೂ ಇಲ್ಲ ಮಾರಾಯ್ರೆ, ಬರಬಹುದು ಅಂತಾರೆ ಅಷ್ಟೆ" ಎನ್ನುತ್ತಾನೆ ಮಲ್ಲಿಕ್. ಆ 'ಬರಬಹುದು' ಎಂಬ ಒಂದು ಮಾತಿನ ಮೇಲೆ ನಾನು ಎರಡು ತಿಂಗಳಿಂದ ಬದುಕಿದ್ದೇನೆ ಅಕ್ಕಾ.

ಯಾಕೆಂದು ಹೇಳುತ್ತೇನೆ. ಬಲಗಣ್ಣು ಹೋಗುತ್ತಿದೆ. ಕಿಂಡಿಗೆ ಕಣ್ಣಿಟ್ಟರೆ ಸುತ್ತಲಿನದೆಲ್ಲ ಕಾಣುತ್ತದೆ, ನಟ್ಟನಡುವೆ ಮಾತ್ರ ಯಾರೋ ಒದ್ದೆ ಬೆರಳಿನಿಂದ ಒರೆಸಿದಂತೆ ಮಸುಕು. ಎದುರಿನ ದಿನಸಿ ಅಂಗಡಿಯ ಷಟರಿನ ನೇರ ಗೆರೆಗಳು ಬಳುಕಿದಂತೆ ಕಾಣುತ್ತವೆ. ಎಡಗಣ್ಣಿನ ಕತೆ ನಿನಗೆ ಗೊತ್ತೇ ಇದೆ, ಒಂಬತ್ತನೇ ವಯಸ್ಸಿನಲ್ಲಿ ಚಿನ್ನಿ ಬಡಿದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವಳು ನೀನೇ. ಅದರಲ್ಲಿ ದೊಡ್ಡದು ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಇಪ್ಪತ್ತೆರಡು ವರ್ಷ ಆ ಬಲಗಣ್ಣೊಂದೇ ನಮ್ಮ ಸ್ಟುಡಿಯೊ ನಡೆಸಿತು. ಡಾಕ್ಟರ ಹತ್ತಿರ ಹೋಗಿಲ್ಲ. ನೀನು ಕೊಟ್ಟ ಸಕ್ಕರೆ ನೋಡುವ ಮಿಷಿನ್ನು ಬೀರುವಿನಲ್ಲಿದೆ, ಯುಗಾದಿಯಿಂದ ಹೊರಗೆ ತೆಗೆದಿಲ್ಲ. ಈ ಸಾಲು ಓದುವಾಗ ನಿನ್ನ ಮುಖ ಹೇಗಾಗಿರುತ್ತದೆಂದು ನನಗೆ ಗೊತ್ತು.

ಕಣ್ಣಿನದೊಂದೇ ಆಗಿದ್ದರೆ ನನ್ನ ಕರ್ಮ ಎನ್ನಬಹುದಿತ್ತು. ಅದರ ಹಿಂದೆ ನಾನು ಮಾಡಿದ ಕೆಲಸವೊಂದಿದೆ. ಶ್ರಾವಣದಲ್ಲಿ ಶಿವಮೊಗ್ಗದ ಷಡಕ್ಷರಪ್ಪನವರ ಮಗಳು ಸ್ಪಂದನಾಳ ಮದುವೆ ನಾನೇ ತೆಗೆದೆ, ಕೈಯಿಂದಲೇ ಫೋಕಸ್ ಮಾಡುವ ಹಳೆಯ ಫಿಲ್ಮ್ ಕ್ಯಾಮೆರಾದಲ್ಲಿ. ಅವರ ತಾಯಿ ಮಹಾಂತಮ್ಮನವರಿಗೆ ಎಂಬತ್ತೆಂಟು. ಹಾಸಿಗೆ ಬಿಟ್ಟು ಏಳದಿದ್ದವರನ್ನು ಕುರ್ಚಿ ಸಮೇತ ಎತ್ತಿ ಮಂಟಪಕ್ಕೆ ತಂದಿದ್ದರು. ಆ ಅಜ್ಜಿ ಎರಡೂ ಕೈಯಿಂದ ಮೊಮ್ಮಗಳ ಮುಖ ಹಿಡಿದು ಹಣೆಗೆ ಹಣೆ ತಾಗಿಸಿದರು. ಏಳು ಸಲ ಕ್ಲಿಕ್ ಮಾಡಿದೆ. ಹನ್ನೊಂದನೇ ದಿನಕ್ಕೆ ಅಜ್ಜಿ ತೀರಿಕೊಂಡರು. ಪ್ರಿಂಟು ಬಂದಾಗ ಏಳರಲ್ಲಿ ಒಂದರಲ್ಲೂ ಅವರ ಮುಖವಿರಲಿಲ್ಲ. ಹಿಂದೆ ಕಟ್ಟಿದ್ದ ಮಲ್ಲಿಗೆ ದಂಡೆಯ ಒಂದೊಂದು ಮೊಗ್ಗೂ ಸ್ಪಷ್ಟವಾಗಿತ್ತು, ಮುಂದೆ ಎರಡು ಬಿಳಿ ಮಸುಕು. ಷಡಕ್ಷರಪ್ಪನವರು ಆಲ್ಬಂ ಹಿಡಿದು ಸ್ಟುಡಿಯೊಗೆ ಬಂದರು. ಕೂಗಾಡಲಿಲ್ಲ. "ಇದೇನ್ರೀ ಕಾಂತರಾಜ್, ನಮ್ಮವ್ವನ ಮುಖ ಎಲ್ಲಿ?" ಎಂದಷ್ಟೇ ಕೇಳಿದರು. ನನ್ನ ಬಾಯಿಂದ ಬಂದದ್ದು, "ಲ್ಯಾಬಿನೋರ ತಪ್ಪು ಸಾರ್."

ಒಂದು ಸುಳ್ಳು ಹೇಳಿದ ಮೇಲೆ ಅದರ ಹಿಂದೆ ನಡೆಯಲೇಬೇಕಾಯಿತು. ಮಾರನೆಯ ದಿನ ಷಡಕ್ಷರಪ್ಪನವರೂ ನಾನೂ ಶಿವಮೊಗ್ಗದ ಕಲರ್ ಲ್ಯಾಬಿಗೆ ಹೋದೆವು. ಅಲ್ಲಿ ಪ್ರಿಂಟ್ ಹಾಕುವ ಚೌಡಯ್ಯನನ್ನು ನೀನು ನೋಡಿಲ್ಲ, ಹದಿನಾರು ವರ್ಷದಿಂದ ನನ್ನ ಪ್ರತಿ ರೋಲೂ ಅವನ ಕೈಯಲ್ಲೇ ತೊಳೆದದ್ದು. ಅವನು ನೆಗೆಟಿವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಮಸುಕು ನೆಗೆಟಿವಿನಲ್ಲೇ ಇತ್ತು, ಎಂದರೆ ತಪ್ಪು ಕ್ಯಾಮೆರಾದ ಕಡೆಯದು. ಆಮೇಲೆ ನನ್ನನ್ನು ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. "ಮಿಷಿನ್ನಲ್ಲಿ ಏನೋ ಆಗಿರ್ಬೇಕು ಸಾರ್" ಎಂದು ಅವನೇ ತಲೆ ತಗ್ಗಿಸಿದ. ಲ್ಯಾಬಿನ ಮಾಲೀಕರಿಗೂ ಆಳು ಕಡಿಮೆ ಮಾಡಬೇಕಿತ್ತು, ಫಿಲ್ಮ್ ತರುವವರೇ ಇಲ್ಲವಲ್ಲ ಈಗ. ಅವರಿಗೊಂದು ನೆಪ ಸಿಕ್ಕಿತು. ಮುಂದಿನ ವಾರ ರೋಲ್ ಕೊಡಲು ಹೋದಾಗ ಚೌಡಯ್ಯನ ಜಾಗದಲ್ಲಿ ಯಾರೂ ಇರಲಿಲ್ಲ. ನಾನು ಕೇಳಲೂ ಇಲ್ಲ.

ಅಂದಿನಿಂದ ಒಂದು ಮದುವೆಯನ್ನೂ ಒಪ್ಪಿಕೊಂಡಿಲ್ಲ. ಕಾರ್ತಿಕದಲ್ಲಿ ಐದು ಬಂದವು, ಆಯನೂರಿನದು, ಹೊಳಲೂರಿನದು, ನಮ್ಮೂರಿನ ಕಾರ್ಖಾನೆಯವರದೇ ಮೂರು. ಎಲ್ಲರಿಗೂ ಒಂದೇ ಉತ್ತರ, "ಫಿಲ್ಮ್ ಬಿಟ್ಟೆ, ಡಿಜಿಟಲ್‌ನಲ್ಲಿ ಮುಂದಿನ ಮಾಡೆಲ್ ಬರ್ಲಿ." ಜನ ನಂಬುತ್ತಾರೆ. ಧನಲಕ್ಷ್ಮಿಯೂ ನಂಬಿದ್ದಾಳೆ. ಆ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ ನಾನೂ ನಂಬತೊಡಗಿದ್ದೇನೆ, ನಾಳೆ ಬರುವ ಯಂತ್ರದೊಳಗೆ ನನ್ನ ಕಣ್ಣು ಇದೆಯೇನೋ ಎಂಬಂತೆ. ಮೊನ್ನೆ ಬುಧವಾರ ತಡೆಯಲಾರದೆ ಮಲ್ಲಿಕ್‌ನ ಅಂಗಡಿಯಲ್ಲಿ ಈಗಿನ ಮಾಡೆಲನ್ನೇ ಕೈಗೆ ತೆಗೆದುಕೊಂಡು ನೋಡಿದೆ. ಅದು ತಾನಾಗಿಯೇ ಫೋಕಸ್ ಮಾಡುತ್ತದೆ, ಸರಿ, ಆದರೆ ಎಲ್ಲಿ ಮಾಡಬೇಕೆಂದು ತೋರಿಸುವ ಸಣ್ಣ ಕೆಂಪು ಚುಕ್ಕೆ ನನ್ನ ಆ ಮಸುಕಿನೊಳಗೇ ಮುಳುಗಿಹೋಯಿತು. ಮಲ್ಲಿಕ್‌ನ ಮುಖ ತೆಗೆದೆ. ಸ್ಕ್ರೀನಿನಲ್ಲಿ ಅವನ ಹಿಂದಿದ್ದ ಬ್ಯಾಟರಿ ಡಬ್ಬಿಗಳು ಥಳಥಳ ಹೊಳೆಯುತ್ತಿದ್ದವು, ಅವನು ಮಂಜಿನೊಳಗಿದ್ದ. "ಕೈ ಅಲ್ಲಾಡಿತೇನೋ ಕಾಂತಣ್ಣ" ಎಂದು ನಕ್ಕ. ನಾನೂ ನಕ್ಕೆ. ಬಸ್ಸಿನಲ್ಲಿ ಭದ್ರಾವತಿಯವರೆಗೂ ಕಿಟಕಿಗೆ ಹಣೆ ಕೊಟ್ಟು ಕೂತಿದ್ದೆ.

ಅದಕ್ಕೇ ಕೇಳುತ್ತೇನೆ. ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ವಿಚಾರಿಸು. ಮುಂದಿನದರಲ್ಲಿ ಆ ಸ್ಕ್ರೀನ್ ಇದೆಯೋ ಇಲ್ಲವೋ, ಯಾವ ತಿಂಗಳು ಬರುತ್ತದೆ. ಒಂದು ಅಂಗಡಿಯವನು ಇಲ್ಲವೆಂದರೆ ಇನ್ನೊಂದರಲ್ಲಿ ಕೇಳು. ಬೇಕಾದರೆ ನಿನ್ನ ರಜೆಯನ್ನೇ ಮಾರ್ಚಿಗೆ ಹಾಕಿಕೊಳ್ಳಲು ಆಗುತ್ತದೆಯೇ? ಇದನ್ನು ಕೇಳಬಾರದೆಂದು ಗೊತ್ತು. ಎರಡು ವರ್ಷಕ್ಕೊಮ್ಮೆ ಬರುವವಳು ನೀನು. ಆದರೂ ಕೇಳುತ್ತಿದ್ದೇನೆ. ಆ ಸ್ಕ್ರೀನ್ ಇದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ ಅಕ್ಕಾ. ಇಲ್ಲದಿದ್ದರೆ ನಲವತ್ತಾರನೇ ವಯಸ್ಸಿಗೆ ನಾನು ಏನು ಕೆಲಸ ಕಲಿಯಲಿ? ಧನಲಕ್ಷ್ಮಿಗೆ ಏನೆಂದು ಹೇಳಲಿ? ಈ ಪತ್ರದ ವಿಷಯ ಅವಳಿಗೆ ಬಾಯಿ ಬಿಡಬೇಡ, ನಿನ್ನ ಕಾಲು ಹಿಡಿಯುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಮಾವನ ಮುತ್ತು. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ, ಊರಿಗೆಲ್ಲ ಹೇಳುವವಳು ನೀನೇ ಮಾಡಿಕೊಳ್ಳುವುದಿಲ್ಲ.

ನಿನ್ನ ತಮ್ಮ,
ಕಾಂತರಾಜ

ಮತ್ತೆ: ಅಂಟಿಸಿದ ಲಕೋಟೆ ಒಡೆದು ಬರೆಯುತ್ತಿದ್ದೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಚೌಡಯ್ಯ ಬಂದಿದ್ದ. ಜಗಳಕ್ಕೆ ಬಂದನೆಂದುಕೊಂಡೆ. ಹಾಗಲ್ಲ, ದಾವಣಗೆರೆಯ ಡಿಜಿಟಲ್ ಲ್ಯಾಬಿನಲ್ಲಿ ಕೆಲಸವಿದೆಯಂತೆ, ಹಳೆಯ ಕಡೆ ಯಾಕೆ ಬಿಡಿಸಿದರು ಎಂದು ಅವರು ಕೇಳುತ್ತಿದ್ದಾರಂತೆ. "ನಿಮ್ ಕೈಲಿ ಒಂದ್ ಮಾತು ಬರ್ಕೊಡಿ ಅಣ್ಣ" ಎಂದ. ನಾನು ಅನ್ನದ ತಟ್ಟೆ ಬದಿಗೆ ಸರಿಸಿದೆ. ಅಂದು ಯಾಕೆ ನಿಜ ಹೇಳಲಿಲ್ಲ ಎಂದು ಅವನನ್ನು ಕೇಳಿದೆ. "ಯುಗಾದಿಯಿಂದ ನೋಡ್ತಿದ್ದೆ ಅಣ್ಣ, ನಿಮ್ ರೋಲೆಲ್ಲ ಮಸುಕಾಗ್ತಾ ಬಂದ್ವು. ಮಾಲೀಕ್ರು, ಗಿರಾಕಿ ಮುಂದೆ ನಿಮ್ ಕಣ್ಣು ಹೋಯ್ತು ಅಂತ ನಾನ್ ಹೆಂಗ್ ಹೇಳ್ಲಿ?" ಎಂದ. ಧನಲಕ್ಷ್ಮಿ ಮಜ್ಜಿಗೆ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು. ನಾನು ಬರೆಯಲು ಕೂತರೆ ಸಾಲುಗಳು ಒಂದರ ಮೇಲೊಂದು ಬಿದ್ದವು. ಅವಳೇ ಪೆನ್ನು ತೆಗೆದುಕೊಂಡಳು, ನಾನು ಹೇಳುತ್ತಾ ಹೋದೆ, ತಪ್ಪು ಲ್ಯಾಬಿನದಲ್ಲ, ಚೌಡಯ್ಯನದಲ್ಲ, ನನ್ನ ಕಣ್ಣಿನದು. ಅದನ್ನೂ ಅವಳು ತಲೆ ಎತ್ತದೆ ಬರೆದಳು. ರುಜು ನಾನು ಹಾಕಿದೆ. ಅದರದೇ ಇನ್ನೊಂದು ಪ್ರತಿ ಷಡಕ್ಷರಪ್ಪನವರಿಗೆ, ನಾಳೆ ನಾನೇ ಅವರ ಮನೆಗೆ ಹೋಗಿ ಕೊಡಬೇಕು. ಅದಕ್ಕೂ ಮುಂಚೆ ಕಣ್ಣಾಸ್ಪತ್ರೆ, ಬೆಳಗಿನ ಮೊದಲ ಬಸ್ಸು. ಆಗಿನಿಂದ ಧನಲಕ್ಷ್ಮಿ ನನ್ನೊಡನೆ ಮಾತಾಡಿಲ್ಲ, ಆದರೆ ಆಸ್ಪತ್ರೆಗೆಂದು ತನ್ನದೂ ಸೇರಿಸಿ ಬ್ಯಾಗು ತುಂಬಿದ್ದಾಳೆ. ನೀನು ಜನವರಿಗೇ ಬಾ. ಡಾಕ್ಟರ ಹತ್ತಿರ ಏನೇನು ಕೇಳಬೇಕೆಂದು ಫೋನ್ ಮಾಡಿ ಅವಳಿಗೇ ಹೇಳು. ನನಗೆ ಹೇಳಿದರೆ ಅರ್ಧ ಮುಚ್ಚಿಡುತ್ತೇನೆ.