ಗಡಿ ಮುಚ್ಚಿದ್ದ ವರ್ಷದ ಜನನ ಪತ್ರ

ಬರ್ಮಿಂಗ್‌ಹ್ಯಾಂ
೧೨ ಮೇ ೨೦೦೫

ಪ್ರೀತಿಯ ನೀಲಮ್ಮ,

ಕ್ಷೇಮವೇ ಎಂದು ಕೇಳಲು ನಾಚಿಕೆಯಾಗುತ್ತದೆ. ಮನೆ ಕೆಡವುವ ನೋಟಿಸು ಕೈಯಲ್ಲಿ ಹಿಡಿದವಳಿಗೆ ಎಂಥ ಕ್ಷೇಮ?

ಬಂದರಿನ ಹಿಂದಿನ ನಮ್ಮ ಓಣಿಯವರು ನಿನ್ನೆ ಮೊನ್ನೆ ಬಂದವರಂತೆ! ಪೋರ್ಚುಗೀಸರ ಕಾಲದಲ್ಲಿ ಗೋವೆಯ ಅದಿರನ್ನು ಹಡಗಿಗೆ ಹೊತ್ತವರು ನಮ್ಮ ಅಪ್ಪಂದಿರಲ್ಲದೆ ಇನ್ಯಾರು? ಚುನಾವಣೆ ಬಂದರೆ ಕನ್ನಡದಲ್ಲಿ ಪೋಸ್ಟರ್ ಅಂಟಿಸುತ್ತಾರೆ. ನೋಟಿಸು ಮಾತ್ರ ನಿಮಗೆ ಓದಲು ಬಾರದ ಭಾಷೆಯಲ್ಲಿ. ಗಣಪತಿ ಮೆರವಣಿಗೆಗೆ ನಾವು ಹಿಂದೂ ಬಂಧುಗಳು, ಕ್ರೈಸ್ತರ ಇಗರ್ಜಿಗೆ ಸುಣ್ಣ ಬಳಿಯಲು ಒಳ್ಳೆಯ ಕೆಲಸಗಾರರು. ಮನೆ ಎಂದೊಡನೆ ಘಾಟಿಗಳು, ಘಟ್ಟದ ಮೇಲಿನವರು.

ಇಲ್ಲೂ ಅದೇ. ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರ್ ಮಡಗಾಂವದ ಹೆಂಗಸು. "ಏನೇ ಘಾಟಿ, ನಿನಗೂ ಪೋರ್ಚುಗೀಸ್ ಪಾಸ್‌ಪೋರ್ಟಾ? ಎಲ್ಲಿ, ಒಂದು ಮಾತಾಡು ನೋಡೋಣ" ಎಂದು ಕೊಂಕಣಿಯಲ್ಲಿ ಕೆಣಕಿದಳು. ಅವಳಿಗೂ ಪೋರ್ಚುಗೀಸಿನ ಒಂದಕ್ಷರ ಬರದು. ಪೋರ್ಚುಗೀಸರು ಬಿಟ್ಟುಹೋದ ೧೯೬೧ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದ್ದರೆ ಸಾಕು, ಪೋರ್ಚುಗಲ್ಲಿನ ಪ್ರಜೆ. ಅಲ್ಲಿನ ಪ್ರಜೆಗೆ ಇಂಗ್ಲೆಂಡಿನಲ್ಲಿ ಕೆಲಸ. ಹಾಗೆ ಬಂದು ಇಬ್ಬರೂ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೇವೆ.

ಫೋನಿನಲ್ಲಿ ನೀನು, "ಆ ಜನನ ಪತ್ರ ಒಂದ್ ಕಳಿಸವ್ವಾ, ವಕೀಲರು ಕೇಳ್ಯಾರ, ಮನಿ ಉಳಿತೈತಿ" ಎಂದೆ. ವಕೀಲರು ಹೇಳಿದ್ದು ಸರಿ. ಓಣಿಯ ಹೆಂಗಸರೆಲ್ಲ ಹೆರಿಗೆಗೆ ಧಾರವಾಡ ಸೀಮೆಯ ತವರಿಗೆ ಹೋಗುತ್ತಿದ್ದರು. ಅವರ ಮಕ್ಕಳ ಹೆಸರು ಗೋವೆಯ ದಫ್ತರ ಸೇರಲೇ ಇಲ್ಲ. ಐವತ್ತೆಂಟರಲ್ಲಿ ಭಾರತಕ್ಕೂ ಗೋವೆಗೂ ನಡುವಿನ ಗಡಿ ಮುಚ್ಚಿದ್ದರಿಂದ ನಮ್ಮವ್ವ ಮಾತ್ರ ಓಣಿಯಲ್ಲೇ ಹೆತ್ತಳು, ಅಪ್ಪ ಹೋಗಿ ಬರೆಸಿದ. ದಫ್ತರದ ಪುಸ್ತಕವನ್ನು ಗೆದ್ದಲು ತಿಂದಮೇಲೆ, ನಮ್ಮ ಓಣಿ ಆಗಲೇ ಇತ್ತು ಎನ್ನಲು ನನ್ನ ಪ್ರತಿಯೊಂದೇ ಸಾಕ್ಷಿ. ಆದರೆ ಪಾಸ್‌ಪೋರ್ಟ್ ಮಾಡಿಸಿಕೊಟ್ಟ ಏಜೆಂಟ್ ಅದನ್ನು ಹಿಂದಿರುಗಿಸಲೇ ಇಲ್ಲ ನೀಲಮ್ಮ. ಕಳೆದುಹೋಯಿತು. ಏನು ಮಾಡಲಿ?

ನಿನ್ನ ಗೆಳತಿ,
ಮಹಾದೇವಿ

ತಾ.ಕ.: ಜನನ ಪತ್ರ ಕಳೆದಿಲ್ಲ, ನನ್ನ ಹತ್ತಿರವೇ ಇದೆ. ಅದರಲ್ಲಿರುವ ಮಹಾದೇವಿ ನಾನಲ್ಲ. ಮೂರು ವರ್ಷದವಳಿದ್ದಾಗ ಸಿಡುಬಿಗೆ ತೀರಿಕೊಂಡ ನನ್ನ ಅಕ್ಕ. ಗಡಿ ತೆರೆದ ಮೇಲೆ, ಅರವತ್ತಮೂರರಲ್ಲಿ, ಅವ್ವನ ತವರಿನಲ್ಲಿ ಹುಟ್ಟಿದ ನನಗೆ ನಮ್ಮವರ ರೂಢಿಯಂತೆ ಹೋದ ಮಗುವಿನ ಹೆಸರನ್ನೇ ಇಟ್ಟರು. ನೀನು ನನ್ನ ಓರಗೆಯವಳು, ಪತ್ರದಲ್ಲಿನ ವರ್ಷ ಕೇಳಿದಾಗಲೇ ನಿನಗೆ ಅನುಮಾನ ಬಂದಿರಬೇಕು. ಅಕ್ಕನ ಆ ಪತ್ರ ತೋರಿಸಿಯೇ ನಾನು ಪಾಸ್‌ಪೋರ್ಟ್ ಪಡೆದದ್ದು. ಕೋರ್ಟಿನಲ್ಲಿ ಯಾರಾದರೂ ನನ್ನ ವಯಸ್ಸು ಕೆದಕಿದರೆ ನಾನೂ ಮಗಳೂ ಇಲ್ಲಿಂದ ಹೊರಗೆ. ಈ ಕಾಗದವನ್ನು ಓದಿ ಒಲೆಗೆ ಹಾಕು. ಹಾಕದೆ ವಕೀಲರಿಗೆ ಕೊಟ್ಟರೂ, ನಿನ್ನನ್ನು ಬೈಯುವ ಬಾಯಿ ನನಗಿಲ್ಲ.